ಚೀಟಿ ಇಲ್ಲದ ಬೀಕರ್

೧೯೬೮ನೆಯ ಇಸವಿ, ಆಗಸ್ಟ್ ೧೪, ಬುಧವಾರ. ಇಂದುಮತಿಯ ಹಳೆಯ ಡೈರಿಯಲ್ಲಿ ಆ ದಿನಕ್ಕೆ ಒಂದೇ ಸಾಲಿದೆ: ‘ಪ್ರಯೋಗ ಸರಿಯಾಗಿ ಬಂತು.’

ಬರೆಯದೆ ಬಿಟ್ಟದ್ದು ಹೀಗಿದೆ.

ಪ್ರಯೋಗ ಮುಗಿದ ಮೇಲೆ ಉಳಿದ ಗಾಢ ಸಲ್ಫ್ಯೂರಿಕ್ ಆಸಿಡನ್ನು ಅವಳು ಬೀಕರಿನಲ್ಲೇ ತೊಟ್ಟಿಯ ಪಕ್ಕ ಇಟ್ಟಳು. ಮೇಲೆ ಹೆಸರಿನ ಚೀಟಿ ಅಂಟಿಸಬೇಕಿತ್ತು. ಅಷ್ಟರಲ್ಲಿ ತತ್ತ್ವಶಾಸ್ತ್ರದ ತರಗತಿಗೆ ಗಂಟೆ ಹೊಡೆಯಿತು. ನದೀತೀರದ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರದವರೂ ತತ್ತ್ವಶಾಸ್ತ್ರ, ಕಾವ್ಯ ಓದಲೇಬೇಕಿತ್ತು. ಬಂದು ಅಂಟಿಸಿದರಾಯಿತೆಂದು ಓಡಿದಳು.

ಗಾಜಿನ ಸಾಮಾನು ತೊಳೆಯುವ ಅಟೆಂಡರ್ ಫಕೀರಪ್ಪ ಅದನ್ನು ನೀರೆಂದುಕೊಂಡು ನಲ್ಲಿಯ ಕೆಳಗೆ ಹಿಡಿದ. ಆ ಆಸಿಡಿಗೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಅವನ ಮುಖಕ್ಕೆ ಸಿಡಿಯಿತು.

ಅಟೆಂಡರನದೇ ಅಜಾಗರೂಕತೆ ಎಂದು ಬರೆದು ಪ್ರಿನ್ಸಿಪಾಲರು ಅವನನ್ನು ಕೆಲಸದಿಂದ ತೆಗೆದರು. ಇಂದುಮತಿ ಬಾಯಿ ಬಿಡಲಿಲ್ಲ. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ಹೇಳಿದರೆ ಓದು ಅಲ್ಲಿಗೇ ನಿಲ್ಲುತ್ತದೆಂಬ ಭಯ.

ಸೆಪ್ಟೆಂಬರ್ ೨೪ರ ಮಧ್ಯಾಹ್ನ ಅವಳು ತನ್ನ ರಸಾಯನಶಾಸ್ತ್ರದ ಗುರುಗಳಾದ ಇನಾಮದಾರ ಸರ್ ಬಳಿ ಹೋದಳು.

“ಸರ್, ಬೇಕಂತ ಮಾಡದ ತಪ್ಪು ತಪ್ಪಾಗತದೇನ್ರಿ?”

“ತತ್ತ್ವಶಾಸ್ತ್ರದವರನ್ನ ಕೇಳು. ಅವರಿಗೆ ಇಂಥಾವು ಭಾಳ ಸೇರತಾವ.”

“ಕೇಳಿದೆರಿ. ಎರಡೂ ಕಡೆ ವಾದ ಅದ ಅಂದ್ರು.”

“ನನಗ ಒಂದ ಕಡೆ ಸಾಕು. ಏನಾತು, ಹೇಳು.”

ಹೇಳಿದಳು.

ಸರ್ ಎದ್ದು ಚಪ್ಪಲಿ ಮೆಟ್ಟಿದರು. “ನಡಿ.”

“ಎಲ್ಲಿಗೆರಿ?”

“ಇದನ್ನ ನನಗ ಹೇಳಿ ಏನು ಉಪಯೋಗ?”

ಫಕೀರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಗೋಧಿ ಹಸನು ಮಾಡುತ್ತಿದ್ದ. ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು. ಆರಿಸಿದ ಗೋಧಿಯಲ್ಲೂ ಹರಳು ಉಳಿದಿದ್ದವು.

“ಬರ್ರಿ ಸಾಹೇಬ್ರ. ಅಕ್ಕಾರೂ ಬಂದಾರ! ನೋಡ್ರಿ, ನಮ್ಮಾಕಿ ನನ್ನ ಗೋಧಿಗೆ ಹಚ್ಚ್ಯಾಳ. ಇಪ್ಪತ್ತೆರಡು ವರ್ಷ ಗಾಜು ತೊಳದರೂ ಬುದ್ಧಿ ಬರಲಿಲ್ಲ ಅಂತ ದಿನಾ ಬೈತಾಳ. ಖರೇನ ಐತಿ ಬಿಡ್ರಿ. ನಂದ ತಪ್ಪು.”

“ನಿಂದಲ್ಲ, ಫಕೀರಪ್ಪಾ,” ಎಂದಳು ಇಂದುಮತಿ. “ಆ ಆಸಿಡ್ ಇಟ್ಟಾಕಿ ನಾನು. ಚೀಟಿ ಹಚ್ಚಲಿಲ್ಲ.”

ಫಕೀರಪ್ಪ ಬಹಳ ಹೊತ್ತು ಮೊರದಲ್ಲೇ ಕೈಯಾಡಿಸಿದ. ಅವಳತ್ತ ನೋಡಲಿಲ್ಲ. ಆಮೇಲೆ ಒಳಗೆ ಕೂಗಿದ.

“ಏ ಇಕಿನ, ಹೊರಗ ಬಾ. ನಂದಲ್ಲಂತ. ಕೇಳಸ್ತೇನು? ನಂದಲ್ಲಂತ.”

ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಅಲ್ಲಿಂದ ಇಬ್ಬರೂ ಕಾಲೇಜಿಗೆ ಮರಳಿದರು. ಪ್ರಯೋಗಾಲಯಕ್ಕೆ ಬಂದ ಕೂಡಲೇ ಇಂದುಮತಿ ತನ್ನ ರೆಕಾರ್ಡ್ ಬುಕ್ಕಿನಲ್ಲಿ ಆ ದಿನದ ಹಾಳೆ ತೆರೆದಳು. ಅಲ್ಲೂ ‘ಪ್ರಯೋಗ ಸರಿಯಾಗಿ ಬಂತು’ ಎಂದೇ ಬರೆದಿದ್ದಳು. ಅದನ್ನು ಹರಿಯಲು ಕೈ ಹಾಕಿದಳು.

“ಹರೀಬ್ಯಾಡ.”

“ಇದು ಸುಳ್ಳು ಅದರಿ, ಸರ್.”

“ಅದಕ್ಕ ಒಂದ ಗೆರಿ ಎಳಿ. ಕೆಳಗಿನ ಅಕ್ಷರ ಕಾಣಬೇಕು. ಆಮ್ಯಾಲೆ ಆದದ್ದು ಬರಿ. ಕನ್ನಡದಾಗ ಬರಿ, ಫಕೀರಪ್ಪಗೂ ಓದಿ ಹೇಳಬೇಕು.”

ಬರೆದಳು. ಒಂದು ಪುಟ ಸಾಲಲಿಲ್ಲ.

“ಇದನ್ನ ಪ್ರಿನ್ಸಿಪಾಲರಿಗೆ ಕೊಟ್ಟರ ಅವನಿಗೆ ಕೆಲಸ ತಿರುಗಿ ಸಿಗತದೇನ್ರಿ?”

“ಒಂದ ಕಣ್ಣಿನವನ ಕೈಯಾಗ ಗಾಜು ಕೊಡೂದಿಲ್ಲ ಅವರು.”

“ನನ್ನ ಏನ ಮಾಡತಾರ್ರಿ?”

“ಈ ವರ್ಷ ಪರೀಕ್ಷಾಕ್ಕ ಕೂಡಸೂದಿಲ್ಲ. ಮುಂದಿಂದು ಗೊತ್ತಿಲ್ಲ. ನಿನ್ನ ಪರವಾಗಿ ನಾನೂ ಕೇಳಕೊಳ್ಳೂದಿಲ್ಲ.”

ಇಂದುಮತಿ ಪೆನ್ನಿನ ಮುಚ್ಚಳ ಹಾಕಿದಳು. “ಕೊಡತೀನಿ. ಬರದದ್ದು ಮುಗೀತ್ರಿ.”

“ಫಲಿತಾಂಶ ಇನ್ನಾ ನೀ ಬರದಿಲ್ಲ.”

“ಏನಂತ ಬರೀಲ್ರಿ?”

ಸರ್ ಕಿಟಕಿಯ ಕಡೆ ತಿರುಗಿ ನಿಂತರು. ಪ್ರತಿ ಪ್ರಯೋಗಕ್ಕೂ ಹೇಳಿ ಬರೆಸುವ ದನಿಯಲ್ಲೇ ಹೇಳಿದರು.

“ಎಡಗಣ್ಣು ಒಂದು. ಅದು ಆಸಿಡ್‌ದಿಂದ ಹೋತು. ಇಪ್ಪತ್ತೆರಡು ವರ್ಷದ ಕೆಲಸ, ಮತ್ತ ತಪ್ಪು ತನ್ನದ ಅಂತ ಅವ ನಂಬಿದ ನಲವತ್ತೊಂದು ದಿನ. ಇವೆರಡೂ ನೀ ಬಾಯಿ ಬಿಡದ್ದಕ್ಕ ಹೋದವು. ಇವೆರಡರ ಮುಂದ ನಿನ್ನ ಹೆಸರು ಬರಿ.”