ಗಾಜಿನ ಬೀರುವಿನ ರಾಜ

ಯುರೋಪಿನ ಡ್ಯೂಕನೊಬ್ಬನ ಗಾಜಿನ ಬೀರುವಿನಲ್ಲಿ ಚಿನ್ನದ ಕಟ್ಟು ಹಾಕಿಸಿದ ದಂತದ ಚದುರಂಗದ ಕಾಯಿಗಳಿದ್ದವು. ಒಂದು ಕಾಲಾಳು ಕಳೆದುಹೋದಾಗ ಅದರ ಜಾಗಕ್ಕೆ ಮರದ ಕಾಲಾಳೊಬ್ಬ ಬಂದು ರಾಜನ ಮುಂದೆ ನಿಂತ.

"ದೂರ ಹೋಗು! ನೀನು ತಾಕಿದರೆ ನನ್ನ ಚಿನ್ನ ಮಾಸುತ್ತದೆ," ಎಂದ ಮಾಣಿಕ್ಯದ ಕಿರೀಟದ ರಾಜ.

"ಆಟದಲ್ಲಿ ತಮ್ಮನ್ನು ಕಾಯುವವನು ನಾನಲ್ಲವೇ, ಪ್ರಭು?"

"ನಮ್ಮನ್ನು ಮಾಡಿಸಿದ್ದು ಆಡುವುದಕ್ಕಲ್ಲ, ನೋಡುವುದಕ್ಕೆ. ಮೂಲೆಗೆ ನಡೆ."

ಕಾಲಾಳು ತಲೆ ತಗ್ಗಿಸಿ ಮೂಲೆಗೆ ಸರಿದ. ಮುಂದೆ ಯುದ್ಧವಾಗಿ ಊರು ಶತ್ರುಗಳ ಕೈಸೇರಿತು. ಸಿಪಾಯಿಯೊಬ್ಬ ಗಾಜೊಡೆದು, ಚಾಕುವಿನಿಂದ ರಾಜನ ಮಾಣಿಕ್ಯ ಕೀಳತೊಡಗಿದ.

"ಕಾಲಾಳೇ, ಅಡ್ಡ ಬಾ!" ರಾಜ ಚೀರಿದ.

"ಬಂದೆ ಪ್ರಭು! ಆದರೆ ನಾನು ಇಡಬಲ್ಲದ್ದು ಒಂದೊಂದೇ ಹೆಜ್ಜೆ."

ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಸಿಪಾಯಿ ಚಿನ್ನವನ್ನೆಲ್ಲ ಸುಲಿದು, ಉಳಿದ ದಂತವನ್ನು ಬೂಟಿನಡಿ ಪುಡಿಮಾಡಿದ. ಆಮೇಲೆ ಮರದವನನ್ನೆತ್ತಿ ಒಲೆಗೆ ಹಾಕಿದ.