ಸಾರಿಸಿದ ಮಣ್ಣಿನ ಕೆಳಗೆ ಒಂದು ಹಿಡಿ ಸೆಣಬು

ಬನ್ನಿ, ಗೋಡೆಗೆ ಬೆನ್ನು ಕೊಟ್ಟು ಕೂಡ್ರಿ. ಮೊರದಲ್ಲಿ ಹಸನು ಮಾಡೋ ಕಾಳಿದ್ದರೆ ಕೈ ಆಡಲಿ, ಕಿವಿ ಮಾತ್ರ ಇತ್ತ ಇರಲಿ. ಒಂದು ಹಿಡಿ ಬೀಜದ ಸಂಗತಿ ಹೇಳುತ್ತೇನೆ.

ಹೊಳೆಯ ದಂಡೆಗೆ ಒಂದು ಹುಣಸೆಮರ, ಅದರ ಕೆಳಗೊಂದು ಗುಡಿಸಲು. ಅಲ್ಲಿದ್ದ ಗುರುವಿಗೆ ಬೇರೆ ಹೆಸರಿತ್ತೋ ಇಲ್ಲವೋ, ಜನ ಹುಣಸೆಮರದಜ್ಜ ಅನ್ನುತ್ತಿದ್ದರು.

ಅವನ ಹತ್ತಿರ ಹುಲಗಪ್ಪ ಅನ್ನೋ ಅಂಬಿಗ ಬಂದ. ಬಾಗಿ ಒಳಗೆ ಬರಬೇಕು, ಅಷ್ಟು ಎತ್ತರದ ಆಳು. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ.

ಅವನ ಊರಲ್ಲಿ ಈ ದಂಡೆಯಿಂದ ಆ ದಂಡೆಗೆ ಹಗ್ಗ ಬಿಗಿದು, ಅದನ್ನು ಹಿಡಿದೇ ದೋಣಿ ದಾಟಿಸುತ್ತಾರೆ. ಹಗ್ಗ ನೋಡಿಕೊಳ್ಳುವ ಕೆಲಸ ಹುಲಗಪ್ಪನದು. ಒಂದು ಬೆಳಗ್ಗೆ ಒಂದೆಳೆ ಹರಿದದ್ದು ಅವನ ಕಣ್ಣಿಗೆ ಬಿದ್ದಿತ್ತು. ‘ಇವತ್ತೊಂದಿನ ನಡೀತೈತಿ’ ಅಂದುಕೊಂಡ.

ಆ ದಿನ ದೋಣಿಯಲ್ಲಿದ್ದವನು ಅವನ ತಮ್ಮ ಪರಸಪ್ಪ. ಹಗ್ಗ ನಡುಹೊಳೆಯಲ್ಲಿ ಹರಿಯಿತು. ಪರಸಪ್ಪನ ಹೆಣ ಕೂಡ ಸಿಗಲಿಲ್ಲ.

ತಮ್ಮನ ಹೆಂಡತಿ ದುರಗವ್ವ ಬಾಯಿ ಮಾಡಲಿಲ್ಲ. ಮನೆಯಲ್ಲಿದ್ದ ಸೆಣಬಿನ ಬೀಜ ಒಂದು ಹಿಡಿ ತಂದು ಅವನ ಟವೆಲಿನ ಮೂಲೆಗೆ ಕಟ್ಟಿದಳು.

“ನೀನ ಬಿತ್ತು. ನೀನ ನಾರು ತೆಗಿ. ನೀನ ಹಗ್ಗ ಹೊಸಿ. ಹಗ್ಗ ತರೂತನಕ ಈ ಅಂಗಳ ತುಳೀಬ್ಯಾಡ, ಬಾವಾ.”

ಅಜ್ಜ ಎಲ್ಲ ಕೇಳಿ ಗುಡಿಸಲ ಹಿಂದಿನ ನೆಲ ತೋರಿಸಿದ. “ಬಿತ್ತು” ಅಂದ. ಅಷ್ಟೇ.

ಸೆಣಬು ಅಂದರೆ ಮೂರನೇ ದಿನಕ್ಕೆ ತಲೆ ಎತ್ತೋ ಬೆಳೆ. ಮೂರು ದಿನ ಆಯಿತು, ಐದಾಯಿತು, ಒಂಬತ್ತಾಯಿತು. ನೆಲ ಹಂಗೇ ಇತ್ತು.

ಹುಲಗಪ್ಪ ಬಂದು ಅಜ್ಜನ ಮುಂದೆ ಕುಕ್ಕರಿಸಿದ. “ಬೀಜ ಸತ್ತಾವು ಅಜ್ಜಾ. ಪಾಪಿ ಕೈ ಮುಟ್ಟಿದ್ದು ಹುಟ್ಟತೈತೇನು?”

“ನಿನ್ನ ಕೈಯಾಗ ಅಂಥಾ ವಿಷ ಇದ್ದಿದ್ರ ನಿನ್ನೆ ನೀ ಮಾಡಿದ ಮುದ್ದಿ ತಿಂದು ನಾ ಯಾವಾಗೋ ಹೋಗಬೇಕಿತ್ತು. ಬೀಜ ಅಷ್ಟೂ ಬಿತ್ತಿದಿಯೇನು?”

ಹುಲಗಪ್ಪ ಟವೆಲಿನ ಗಂಟು ಕೊಡವಿದ. ಮೂಲೆಯಲ್ಲಿ ಐದು ಕಾಳು ಸಿಕ್ಕಿಕೊಂಡಿದ್ದವು.

ಅಜ್ಜ ತನ್ನ ಪಂಚೆಯ ಅಂಚು ಹರಿದು ನೀರಲ್ಲಿ ಅದ್ದಿ ಹಿಂಡಿದ. ಐದನ್ನೂ ಅದರಲ್ಲಿ ಸುತ್ತಿ ಹುಲಗಪ್ಪನ ಸೊಂಟಕ್ಕೆ ಸಿಕ್ಕಿಸಿದ.

“ಬೆಚ್ಚಗ ಇರ್ಲಿ. ಎರಡು ದಿನದೊಳಗ ಬಿಚ್ಚೀದಿ ಅಂದ್ರ ನಿನ್ನ ಹೊಳಿಗೆ ಹಾಕ್ತೀನಿ.”

ಎರಡು ದಿನ ಹುಲಗಪ್ಪ ಬಸುರಿಯ ಹಾಗೆ ನಡೆದ. ಮೂರನೇ ಬೆಳಗ್ಗೆ ಬಟ್ಟೆ ಬಿಚ್ಚಿದರೆ, ಐದು ಕಾಳಿಗೂ ಬೆಕ್ಕಿನ ಮರಿಯ ಹಲ್ಲಿನಂಥ ಬಿಳೀ ಬೇರು!

ಒಂದೊಂದನ್ನೂ ಅಂಗೈಗೆ ಇಟ್ಟುಕೊಂಡು ನೋಡಿದ. ತನ್ನ ಮೈಗೆ ಹತ್ತಿಕೊಂಡೇ, ತನಗೆ ಗೊತ್ತಿಲ್ಲದೆ, ಜೀವ ಬಿಚ್ಚಿಕೊಂಡಿತ್ತು.

“ಬೀಜದ್ದೇನೂ ತಪ್ಪಿಲ್ಲ” ಅಂದ ಅಜ್ಜ. “ನಡಿ, ನಿನ್ನ ಮಡಿ ತೋರಿಸು.”

ಬಿತ್ತಿದ ದಿನದಿಂದ ಅಜ್ಜ ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಈಗ ನೋಡಿ ನಿಂತೇಬಿಟ್ಟ. ಮಡಿಯ ಉದ್ದ ಒಬ್ಬ ಆಳಿನಷ್ಟು. ಮೇಲೆಲ್ಲ ಸಗಣಿ ಹಾಕಿ ಕನ್ನಡಿಯಂತೆ ಸಾರಿಸಿತ್ತು. ತಲೆಯ ಕಡೆ ರಂಗೋಲಿ. ಎರಡು ಕಣಗಿಲ ಹೂವು.

“ದಿನಾ ಸಾರಿಸ್ತೀಯೇನು?”

“ಮುಂಜಾನಿ, ಸಂಜಿ. ಸಾರಿಸಿ, ಮ್ಯಾಲೆ ಉದ್ದಕ ಬಿದ್ದು ದೀಡ ನಮಸ್ಕಾರ ಹಾಕ್ತೀನಿ. ತಪ್ಪಾತು ತಮ್ಮಾ ಅಂತೀನಿ.”

ಅಜ್ಜ ತಂಬಿಗೆಯ ನೀರು ಹೊಯ್ದ. ನೀರು ಒಳಗಿಳಿಯದೆ ಉರುಳಿ ಅಂಚಿಗೆ ಹೋಯಿತು.

“ಹಾಕು ನಮಸ್ಕಾರ. ಹೆಂಗ ಹಾಕ್ತಿ, ನೋಡೂಣು.”

ಹುಲಗಪ್ಪ ಮಡಿಯ ಪಕ್ಕದ ನೆಲಕ್ಕೆ ಅಡ್ಡ ಬಿದ್ದ. ಅಜ್ಜ ಬಂದು ಅವನ ಬೆನ್ನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸೊಂಟದ ಚಂಚಿ ತೆಗೆದ. ಎಲೆಗೆ ಸುಣ್ಣ ಹಚ್ಚಿದ. ಅಡಿಕೆ ಬಾಯಿಗೆ ಹಾಕಿದ.

“ಏಳು” ಅಂದ.

“ಅಜ್ಜಾ, ನೀವು ಮ್ಯಾಲೆ ಕುಂತೀರಿ.”

“ಕುಂತೀನಿ. ನೀ ಏಳು.”

“ನೀವು ಕುಂತ್ರ ನಾ ಹೆಂಗ ಏಳ್ಲಿ?”

“ಹನ್ನೊಂದು ದಿನದಿಂದ ಮಣ್ಣೊಳಗಿಂದ ಆ ಕಾಳೂ ಇದನ್ನ ಕೇಳಾಕತ್ತಾವು.”

ಹುಲಗಪ್ಪ ಮಣ್ಣಿಗೆ ಗಲ್ಲ ಹಚ್ಚಿಕೊಂಡೇ ಬಿದ್ದಿದ್ದ. ಸ್ವಲ್ಪ ಹೊತ್ತಿಗೆ ಅವನ ಬೆನ್ನು ನಡುಗತೊಡಗಿತು. ಹೆಣ ಸಿಗದ ತಮ್ಮನಿಗೆ ಅವನು ಅಲ್ಲಿಯವರೆಗೆ ಅತ್ತಿರಲಿಲ್ಲ. ಅಜ್ಜ ಎಲೆ ಅಗಿಯುವುದು ನಿಲ್ಲಿಸಿ ಮೆಲ್ಲಗೆ ಎದ್ದ.

“ಅವನ್ನ ಮಣ್ಣು ಮಾಡಿ ಗದ್ದಗಿ ಕಟ್ಟಾಕ ಆಗಲಿಲ್ಲಲ್ಲ, ಅಜ್ಜಾ.”

“ಹೌದಪ್ಪಾ. ಅದಕ್ಕ ಕಾಳಿನ ಮ್ಯಾಲೆ ಕಟ್ಟಿದಿ.”

ಆಮೇಲೆ ಇಬ್ಬರೂ ಜಾಲಿಮುಳ್ಳು ಹಿಡಿದು ಕೂತು, ಸಾರಿಸಿದ ಪದರನ್ನು ಉಗುರಿನಷ್ಟುಗಲ ಉಗುರಿನಷ್ಟುಗಲ ಬಿಡಿಸಿದರು. ಮೇಲೆ ಒಣಹುಲ್ಲು ಹರವಿದರು. ಬೆರಳ ಸಂದಿಯಿಂದ ನೀರು ಚಿಮುಕಿಸಿದರು.

“ಇನ್ನ ಏನು ಮಾಡ್ಲಿ?”

“ದೂರ ಕುಂದ್ರು.”

ಹುಲಗಪ್ಪ ಹತ್ತು ಮಾರು ಆಚೆ ಕೂತ. ಅವನ ಬಾಳಿನಲ್ಲೇ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ.

ನಾಲ್ಕನೇ ದಿನ ಹೊತ್ತೇರುವಾಗ ಹುಲ್ಲು ಸರಿಸಿದ. ಅರ್ಧ ಬೀಜ ಒಳಗೇ ಕೊಳೆತು ಹೋಗಿದ್ದವು. ಉಳಿದರ್ಧ ಬರುತ್ತಿದ್ದವು. ನೋಡನೋಡುತ್ತಿದ್ದ ಹಾಗೆ ಒಂದು ಹೆಂಟೆ ಅಲುಗಿತು. ಎರಡು ದಾರದಷ್ಟು ದಪ್ಪವಿಲ್ಲದ ಎಳೇ ಕತ್ತು, ತನಗಿಂತ ಹತ್ತು ಪಾಲು ದೊಡ್ಡ ಹೆಂಟೆಯನ್ನು ಹೊತ್ತು, ಬಾಗಿ, ಬಾಗಿಕೊಂಡೇ ಮೇಲೆ ಬಂತು. ತಲೆ ಇನ್ನೂ ಮಣ್ಣಲ್ಲಿತ್ತು.

“ಅಜ್ಜಾ! ಅದೂ ನಮಸ್ಕಾರ ಹಾಕ್ಕೋಂತ ಏಳಾಕತ್ತೈತಿ!”

“ಮೆಲ್ಲಗ ಮಾತಾಡು. ಏಳ್ಲಿ.”

ಇಬ್ಬರೂ ಕೈಮುಗಿದು ನಿಂತರು. ಯಾರಿಗೆ ಅಂತ ಇಬ್ಬರೂ ಹೇಳಲಿಲ್ಲ.

ಮೊದಲ ವರ್ಷ ಬೀಜ ಮಾಡಿಕೊಂಡ. ಎರಡನೇ ವರ್ಷವೂ ಬೀಜವೇ. ಮೂರನೇ ವರ್ಷ ಗುಡಿಸಲ ಹಿಂದಿನ ನೆಲದ ತುಂಬ ಹಳದಿ ಹೂವು. ದಂಟು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ ಹೊಸೆದು, ಹೆಗಲಿಗೆ ಹೊತ್ತು ಊರಿಗೆ ಹೋದ.

ದುರಗವ್ವ ಹಗ್ಗವನ್ನು ಅಂಗಳದ ಕಂಬಕ್ಕೆ ಸುತ್ತಿ, ಕಾಲು ಕೊಟ್ಟು ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು. “ಗಟ್ಟಿ ಐತಿ” ಅಂದಳು. ಆಮೇಲೆ ಅಂದಳು, “ಕೈಕಾಲು ತೊಳಕೋ ಬಾವಾ. ರೊಟ್ಟಿ ಆಗ್ಯಾವು.”

ಅವಳು ಮುಪ್ಪಾಗುವ ತನಕ ವರ್ಷಕ್ಕೊಂದು ಹಿಡಿ ಬೀಜ ತೆಗೆದಿಟ್ಟಳು. ಹುಲಗಪ್ಪ ಸಾಯುವವರೆಗೂ ದಿನಾ ಬೆಳಗ್ಗೆ ಹಗ್ಗದ ಉದ್ದಕ್ಕೂ ಕೈ ಆಡಿಸಿದ. ಒಂದೆಳೆ ಹರಿದಿದ್ದರೂ, ದಿಬ್ಬಣವೇ ಬಂದು ನಿಂತರೂ ದೋಣಿ ಬಿಡಲಿಲ್ಲ.

ಅಜ್ಜನೋ, ಒಂದು ಬೇಸಗೆ ಹಾಸಿಗೆ ಹಿಡಿದ. ಸುದ್ದಿ ಕೇಳಿ ಹುಲಗಪ್ಪ ಓಡಿಬಂದು ಪಾದ ಹಿಡಿದ.

“ನಿಮ್ಮ ಗದ್ದಗಿ ನಾನ ಕಟ್ಟತೀನಿ ಅಜ್ಜಾ. ದಿನಾ ನನ್ನ ಕೈಯಾರೆ ಸಾರಿಸ್ತೀನಿ.”

ಅಜ್ಜ ಕಣ್ಣು ತೆರೆದ.

“ಸಾರಿಸಬ್ಯಾಡಲೇ. ಸಡ್ಲ ಮಣ್ಣು ಹಾಕು, ನಾಕು ಕಾಳು ಚೆಲ್ಲು, ದೂರ ಕುಂದ್ರು.”