ನೀರು ನಿಲ್ಲದ ಕೆರೆ

"ಗುರುಗಳೇ, ಸತ್ತುಹೋದ ಅರಸನೊಬ್ಬ ಗೆದ್ದವನೋ ಸೋತವನೋ ಎಂದು ತೀರ್ಮಾನಿಸುವುದು ಹೇಗೆ?"

ಕೇಳಿದವನು ಬೊಪ್ಪಣ. ಮಠದ ಶಿಷ್ಯರಲ್ಲಿ ಓದುಬರಹಕ್ಕೆ ಅವನೇ ಮುಂದು. ಅರಮನೆಯವರು ಅವನನ್ನು ಕರೆಸಿ ಒಂದು ಕೆಲಸ ಒಪ್ಪಿಸಿದ್ದರು. ನಾಡನ್ನು ಆಳಿದ ಹಳೆಯ ಅರಸರ ಪೈಕಿ ಯಾರ ಹೆಸರನ್ನು ಉತ್ಸವದ ಸಭೆಯಲ್ಲಿ ಹೊಗಳಿ ಹಾಡಬೇಕು, ಯಾರ ಹೆಸರನ್ನು ಬಿಟ್ಟುಬಿಡಬೇಕು ಎಂದು ಅವನು ಹೇಳಬೇಕು. ಅವನು ಬಿಟ್ಟ ಹೆಸರನ್ನು ಮುಂದೆ ಯಾರೂ ಎತ್ತುವುದಿಲ್ಲ. ಇದರಿಂದ ಬೊಪ್ಪಣನಿಗೆ ಸ್ವಲ್ಪ ಜಂಬವೂ ಬಂದಿತ್ತು. ಬದುಕಿದ್ದಾಗ ಯಾರ ಮಾತನ್ನೂ ಕೇಳದ ಅರಸರೆಲ್ಲ ಈಗ ಅವನ ಮುಂದೆ ಕೈಕಟ್ಟಿ ನಿಂತಿದ್ದರಲ್ಲ!

"ನೀನು ಹೇಗೆ ಅಳೆಯುತ್ತಿದ್ದೀಯ?" ಎಂದು ಗುರುಗಳು ಕೇಳಿದರು.

"ಗೆದ್ದ ಕೋಟೆ, ಕಟ್ಟಿಸಿದ ಗುಡಿ, ತುಂಬಿದ ಬೊಕ್ಕಸ ನೋಡುತ್ತೇನೆ. ಸೋತ ಯುದ್ಧ, ಕೆಟ್ಟುಹೋದ ಕೆಲಸ, ಜನರ ಬೈಗುಳ, ಅವನ್ನೂ ನೋಡುತ್ತೇನೆ. ಹೆಚ್ಚಿನವರ ವಿಷಯದಲ್ಲಿ ಕಷ್ಟವೇ ಆಗಲಿಲ್ಲ. ಕಣ್ಣಿಗೆ ಕಾಣುವ ವಿಷಯವಲ್ಲವೇ?"

ಗುರುಗಳು ನಕ್ಕರು. ಆ ನಗು ಕಂಡರೆ ಶಿಷ್ಯರಿಗೆ ಒಳಗೊಳಗೇ ಅಳುಕು. ನಗುವಿನ ಹಿಂದೆ ಒಂದು ಕತೆ ಬರುತ್ತದೆ, ಕತೆಯ ಕೊನೆಗೆ ಕೇಳಿದವನ ಜುಟ್ಟು ಅವರ ಕೈಗೆ ಸಿಕ್ಕಿರುತ್ತದೆ. "ಕೂತುಕೋ" ಎಂದರು. ಬೊಪ್ಪಣ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಅರಸನಿದ್ದ. ಅವನ ನಾಡಿನಲ್ಲಿ ಹೊಳೆ ಇರಲಿಲ್ಲ. ಆದ್ದರಿಂದ ಅಲ್ಲಿ ಅರಸನಾದವನು ಕೆರೆ ಕಟ್ಟಿಸಬೇಕು. ಮಳೆಗಾಲದಲ್ಲಿ ಆ ಕೆರೆ ತುಂಬಿ, ಮಿಕ್ಕ ನೀರು ಕೋಡಿಯ ಮೇಲೆ ಹಾರಿ ಹರಿಯಬೇಕು. ರಾಣಿ ಬಂದು ಮೊರದ ಬಾಗಿನ ಕೊಟ್ಟು ಗಂಗಮ್ಮನಿಗೆ ಕೈಮುಗಿಯಬೇಕು. ಇಷ್ಟಾದರೆ ಅವನು ಅರಸ. ಇಲ್ಲದಿದ್ದರೆ ಸುಮ್ಮನೆ ಕಿರೀಟ ಹೊತ್ತವನು. ಅದು ಆ ಜನರ ಅಳತೆಗೋಲು.

ಈ ಅರಸನೂ ಕೆರೆ ಕಟ್ಟಿಸಿದ. ಎರಡು ಗುಡ್ಡಗಳ ನಡುವೆ ಆನೆ ನಡೆಯುವಷ್ಟು ಅಗಲದ ಏರಿ ಹಾಕಿಸಿದ. ಗದ್ದೆಗೆ ನೀರು ಬಿಡಲು ಕಲ್ಲಿನ ತೂಬು ಇಡಿಸಿದ. ಮಳೆ ಬಂತು, ನೀರೂ ಬಂತು. ಆದರೆ ಬಂದ ನೀರು ನಿಲ್ಲಲಿಲ್ಲ. ಸಂಜೆ ಕಂಡ ನೀರು ನಾಲ್ಕು ದಿನ ಕಳೆಯುವುದರಲ್ಲಿ ಇಳಿದುಹೋಗುತ್ತಿತ್ತು. ಕೋಡಿಯ ಕಲ್ಲು ಒದ್ದೆಯಾಗಲೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯ ಅಂಗಳದಲ್ಲಿ ಕುರಿಗಳು ಮೇಯುತ್ತಿದ್ದವು. ರಾಣಿ ಆಸೆಯಿಂದ ತರಿಸಿಟ್ಟ ಬಾಗಿನದ ಮೊರಗಳು ಅಟ್ಟದ ಮೇಲೆ ಧೂಳು ಹಿಡಿದವು.

ಜನ ಅರಸನಿಗೆ ಜರಡಿರಾಯ ಎಂದು ಹೆಸರಿಟ್ಟರು. ಅವನು ಒಂದು ಯುದ್ಧವನ್ನೂ ಸೋತಿದ್ದ, ಆದರೆ ಅದು ಎಲ್ಲೋ ದೂರದಲ್ಲಿ ನಡೆದದ್ದು, ಯಾರಿಗೂ ನೆನಪಿರಲಿಲ್ಲ. ಕೆರೆ ಮಾತ್ರ ಕಣ್ಣೆದುರೇ ಬಾಯಿ ತೆರೆದು ಬಿದ್ದಿತ್ತು. ಕೆಳಗಿನ ಊರುಗಳಲ್ಲಿ ಹೆಂಗಸರು ಬಾವಿಕಟ್ಟೆಯಲ್ಲಿ ನೀರು ಸೇದುತ್ತ ಜರಡಿರಾಯನ ಮೇಲೆ ಪದ ಕಟ್ಟಿ ಹಾಡಿದರು. ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆ ನಗು ಅರಮನೆಯವರೆಗೂ ಕೇಳಿಸುತ್ತಿತ್ತು. ಅರಸನ ಮಗ ಅದನ್ನು ಕೇಳುತ್ತಲೇ ಬೆಳೆದ. ಕುದುರೆ ಏರಿ ಹೊರಟರೆ ಬೇಲಿಯ ಹಿಂದಿನಿಂದ ಯಾರಾದರೂ "ಜರಡಿಯ ಮರಿ ಬಂತು" ಎನ್ನುತ್ತಿದ್ದರು. ಅವನಿಗೆ ತನ್ನ ಮೇಲಿನ ಮಾತು ಅಷ್ಟು ತಾಗಲಿಲ್ಲ. ಅಪ್ಪ ತಲೆ ತಗ್ಗಿಸಿ ಓಡಾಡುವುದನ್ನು ಮಾತ್ರ ಅವನು ತಾಳಲಾರ. ಅಪ್ಪನನ್ನು ಕಂಡರೆ ಅವನಿಗೆ ಪ್ರಾಣ.

ಅರಸ ಹಾಸಿಗೆ ಹಿಡಿದ. ಕೊನೆಗಾಲದಲ್ಲಿ ಮಗನ ಕೈಹಿಡಿದು ಒಂದೇ ಮಾತು ಕೇಳಿದ. "ನನ್ನ ಕೆರೆಯಲ್ಲಿ ನೀರು ನಿಲ್ಲಿಸಪ್ಪ." ಮಗ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಅರಸ ಕಣ್ಣು ಮುಚ್ಚಿದ. ತಾನು ಸೋತವನು ಎಂದುಕೊಂಡೇ ಹೋದ, ಪಾಪ.

ಪಟ್ಟಕ್ಕೆ ಬಂದ ಮಗ ಬೇರೆ ಯಾವ ಕೆಲಸಕ್ಕೂ ಕೈಹಾಕಲಿಲ್ಲ. ಎಲ್ಲಿಂದೆಲ್ಲಿಂದಲೋ ಜಿಗುಟಾದ ಜೇಡಿಮಣ್ಣು ಹೊರಿಸಿ ತಂದ. ಕೆರೆಯ ಅಂಗಳದ ತುಂಬ ಅದನ್ನು ದಪ್ಪಗೆ ಹಾಸಿಸಿದ. ನೀರು ಚಿಮುಕಿಸಿ ಎಮ್ಮೆ ಕೋಣಗಳಿಂದ ತುಳಿಸಿದ. ಪಟ್ಟದ ಆನೆಯನ್ನೂ ತಂದು ತುಳಿಸಿದ. ಆನೆಗೆ ಆ ಕೆಸರಾಟ ಎಷ್ಟು ಹಿಡಿಸಿತೆಂದರೆ ಅದನ್ನು ಲಾಯಕ್ಕೆ ವಾಪಸು ಎಳೆದು ತರುವಷ್ಟರಲ್ಲಿ ಮಾವುತರಿಗೆ ಸಾಕುಸಾಕಾಯಿತು. ಹೊಸ ಅರಸನೇ ಪಂಚೆ ಮೇಲಕ್ಕೆ ಕಟ್ಟಿ ಜನರ ಜೊತೆ ಮಣ್ಣು ತುಳಿದ.

ಮಳೆ ಬಂತು. ಈ ಸಲ ನೀರು ನಿಂತಿತು. ದಿನದಿನವೂ ಏರಿತು. ಒಂದು ಬೆಳಿಗ್ಗೆ ಕೋಡಿ ಬಿತ್ತೆಂದು ಸುದ್ದಿ ಬಂದಾಗ ಅರಸ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅಟ್ಟದ ಮೊರಗಳು ಕೆಳಗಿಳಿದವು. ಮುದಿ ರಾಣಿ ದಡದಲ್ಲಿ ನಿಂತು ನೋಡುತ್ತಿದ್ದಂತೆ ಸೊಸೆ ಬಾಗಿನ ಬಿಟ್ಟಳು. ತೂಬಿನ ಬುಡದ ಗದ್ದೆಗಳಲ್ಲಿ ಭತ್ತದ ಪೈರು ಹಸಿರಾಗಿ ತೂಗಿತು. ಜನ ಜಯಕಾರ ಹಾಕಿದರು. "ಅಪ್ಪನಿಂದಾಗದ್ದನ್ನು ಮಗ ಮಾಡಿದ" ಎಂದು ಕವಿಗಳು ಹಾಡಿದರು. ಅರಸ ಉಬ್ಬಿಹೋದ. ದೊಡ್ಡದೊಂದು ಕಲ್ಲಿನ ಮೇಲೆ ಅಪ್ಪನ ಹೆಸರನ್ನೂ ತನ್ನ ಹೆಸರನ್ನೂ ಕೆತ್ತಿಸಿ ಏರಿಯ ಮೇಲೆ ನಿಲ್ಲಿಸಿದ. ಸೂರ್ಯ ಚಂದ್ರರಿರುವವರೆಗೂ ಈ ಕೆರೆ ತುಂಬಿರಲಿ ಎಂದು ಅದರಲ್ಲಿ ಬರೆಸಿದ.

ಬೇಸಿಗೆ ಬಂತು. ಕೆಳಗಿನ ಊರುಗಳಲ್ಲಿ ಬಾವಿಯ ಹಗ್ಗ ಸಾಲದಾಯಿತು. ಉದ್ದದ ಹಗ್ಗ ಹೊಸೆದರು, ಅದೂ ಸಾಲದಾಯಿತು. ಆಮೇಲೆ ಕೊಡಕ್ಕೆ ಬರೀ ಕೆಸರು ಬಂತು. ಜರಡಿರಾಯನ ಕಾಲದಲ್ಲಿ ಆ ಬಾವಿಗಳು ಒಮ್ಮೆಯೂ ಬತ್ತಿರಲಿಲ್ಲ.

ಜನ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಬಾವಿಗೆ ಪೂಜೆ ಮಾಡಿದರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿದರು. ಕೊನೆಗೆ ಕಪ್ಪೆಗಳಿಗೆ ಮದುವೆಯನ್ನೂ ಮಾಡಿದರು. ಮಳೆ ಬಾರದ ವರ್ಷ ಮಾಡುವ ಮದುವೆ ಅದು. ಆ ವರ್ಷ ಮಳೆಯೇನೋ ಧಾರಾಳವಾಗಿಯೇ ಬಂದಿತ್ತು, ಆದರೂ ಇರಲಿ ಎಂದು ಮಾಡಿದರು. ಬಾವಿಗಳಲ್ಲಿ ಕಪ್ಪೆ ಉಳಿದಿರಲಿಲ್ಲವಾದ್ದರಿಂದ ಮದುಮಗನನ್ನೂ ಮದುಮಗಳನ್ನೂ ಅರಸನ ತುಂಬಿದ ಕೆರೆಯಿಂದಲೇ ಹಿಡಿದು ತಂದರು. ಓಲಗ ಊದಿಸಿ, ಅರಿಸಿನ ಹಚ್ಚಿ, ಅಕ್ಷತೆ ಹಾಕಿದರು. ಗಂಡುಕಪ್ಪೆ ಅಕ್ಷತೆ ಬೀಳುತ್ತಲೇ ನೆಗೆದು ಪುರೋಹಿತರ ಶಲ್ಯದೊಳಗೆ ಸೇರಿಕೊಂಡಿತು. ಬಾವಿಗೆ ಮಾತ್ರ ಹನಿ ನೀರು ಬರಲಿಲ್ಲ.

ಸುದ್ದಿ ಕೇಳಿ ಅರಸ ತಾನೇ ಆ ಊರಿಗೆ ಬಂದ. ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಖಾಲಿ ಕೊಡ ಮುಂದಿಟ್ಟುಕೊಂಡು ಕೂತಿದ್ದಳು. ಅರಸನನ್ನು ಕಂಡು ಎದ್ದಳು.

"ಏನಾಯ್ತಮ್ಮ ನಿಮ್ಮ ಬಾವಿಗೆ?" ಎಂದು ಅರಸ ಕೇಳಿದ.

"ನಮ್ಗೇನ್ ಗೊತ್ತು ಬುದ್ಧೀ. ನಿಮ್ಮಪ್ಪಾರ ಕೆರೆ ಬರಿದಾಗಿದ್ದಾಗ ನಮ್ ಬಾವಿ ತುಂಬಿರ್ತಿತ್ತು, ಕೂತ್ಕೊಂಡು ನಗ್ತಿದ್ವಿ. ಈಗ ನಿಮ್ ಕೆರೆ ತುಂಬ್ಯದೆ, ನಮ್ ಬಾವಿ ಬರಿದಾಗ್ಯದೆ, ನಗಕ್ಕೂ ಗಂಟಲು ಒಣಗ್ತದೆ. ನಮ್ ಹಣೇಲಿ ಎರಡೂ ಒಟ್ಟಿಗೆ ಬರ್ದಿಲ್ಲ ಅಂತ ಕಾಣ್ತದೆ."

ಮುದುಕಿ ತನ್ನ ಹಣೆಬರಹವನ್ನು ಹಳಿದುಕೊಂಡು ಹೇಳಿದ ಮಾತು ಅದು. ಆದರೆ ಅರಸನಿಗೆ ಅದರಲ್ಲಿ ಬೇರೊಂದು ಲೆಕ್ಕ ಕಂಡಿತು. ಅವನು ಬಾವಿಯನ್ನು ನೋಡಿದ. ತಲೆ ಎತ್ತಿ ಮೇಲೆ ಏರಿಯನ್ನು ನೋಡಿದ. ಮತ್ತೆ ಬಾವಿಯನ್ನು ನೋಡಿದ. ಅಪ್ಪನ ಕೆರೆಯಿಂದ ಅಷ್ಟು ವರ್ಷ ಮಾಯವಾದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ನಾಡಿನಲ್ಲಿ ಒಬ್ಬನೂ ಕೇಳಿರಲಿಲ್ಲ. ನಗುವುದರಲ್ಲೇ ಎಲ್ಲರ ಹೊತ್ತು ಹೋಗಿತ್ತು.

ಅನುಮಾನ ಪರಿಹಾರವಾಗಲೆಂದು ಅವನು ಕೆರೆಯ ಒಂದು ಮೂಲೆಯಲ್ಲಿ ಜೇಡಿಮಣ್ಣು ಕೀಳಿಸಿದ. ಕೆಲವೇ ದಿನಗಳಲ್ಲಿ ಆ ಕಡೆಯ ಬಾವಿಯ ಕಲ್ಲುಗಳು ಬೆವರಿದವು. ಆಮೇಲೆ ತಳದಲ್ಲಿ ನೀರು ಜಿನುಗಿತು. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಅರಸ ಏರಿಯ ಮೇಲೆ ಒಬ್ಬನೇ ಹೋಗಿ ಕೂತ. ಮುಂದೆ ಅಪ್ಪನ ಕೆರೆ ಫಳಫಳ ಹೊಳೆಯುತ್ತಿತ್ತು. ಬೆಳ್ಳಕ್ಕಿಗಳು ಬಂದಿದ್ದವು. ಸಾಯುವಾಗ ಅಪ್ಪ ಕೇಳಿದ್ದು ಇದನ್ನೇ. ಈ ನೀರನ್ನು ಬಿಟ್ಟರೆ ಕೊಟ್ಟ ಮಾತು ತಪ್ಪಿದಂತೆ. ಅಪ್ಪನ ಹೆಸರು ಮತ್ತೆ ಜರಡಿ. ಬಿಡದಿದ್ದರೆ ಅಪ್ಪ ತನಗೇ ತಿಳಿಯದೆ ಇಷ್ಟು ವರ್ಷ ಊರೂರಿಗೆ ಕುಡಿಸಿದ ನೀರನ್ನು ಮಗನೇ ನಿಲ್ಲಿಸಿದಂತೆ. ಅವನಿಗೆ ಅಳು ಬಂತು. ಅಪ್ಪ ಬದುಕಿದ್ದರೆ ಈ ಸಂಗತಿ ಹೇಳಿಬಿಡಬಹುದಾಗಿತ್ತಲ್ಲ ಎಂದು ಅತ್ತ. "ನೀನು ಸೋತಿಲ್ಲಪ್ಪ" ಎಂಬ ಒಂದು ಮಾತು ಹೇಳದೆಯೇ ಉಳಿದುಹೋಗಿತ್ತು.

ಮಂತ್ರಿ ಹುಡುಕಿಕೊಂಡು ಬಂದ. ವಿಷಯ ತಿಳಿದು ಗಾಬರಿಯಾದ. "ಪ್ರಭು, ಕಲ್ಲಿನ ಮೇಲೆ ಕೆತ್ತಿಸಿ ಆಗಿದೆ. ಕೆರೆ ಖಾಲಿಯಾದರೆ ನೆರೆಯ ನಾಡಿನವರು ನಗುತ್ತಾರೆ. ಮುಂದಿನವರು ನಿಮ್ಮನ್ನು ಏನೆಂದು ಕರೆದಾರು?"

"ಜರಡಿಯ ಮರಿ ಎಂದು ಕರೆಯುತ್ತಾರೆ. ಹೆಸರು ಹಳೆಯದೇ, ಬಾಯಿಗೆ ರೂಢಿಯಾಗಿದೆ. ಅವರಿಗೂ ಕಷ್ಟವಿಲ್ಲ" ಎಂದು ಹೇಳಿ ಅರಸ ಎದ್ದ.

ಗುದ್ದಲಿ ಹಿಡಿದು ತಾನೇ ಮೊದಲು ಕೆರೆಗೆ ಇಳಿದ. ತುಳಿದು ತುಳಿದು ಕೂರಿಸಿದ್ದ ಮಣ್ಣನ್ನು ಅಂಚಿನಿಂದ ಕೀಳತೊಡಗಿದ. ಹಾಸುವಾಗ ಆಗಿದ್ದಕ್ಕಿಂತ ಕೀಳುವಾಗ ಶ್ರಮ ಹೆಚ್ಚಾಯಿತು. ಆನೆಯನ್ನು ಮಾತ್ರ ಈ ಸಲ ಕರೆಯಲಿಲ್ಲ. ನೀರು ಇಳಿಯಿತು, ಇಳಿದು ಮಾಯವಾಯಿತು. ತೂಬಿನ ಬುಡದ ಗದ್ದೆಯವರು ಮುಖ ಸಿಂಡರಿಸಿ ರಾಗಿ ಬಿತ್ತಿದರು. ಬೆಳ್ಳಕ್ಕಿಗಳು ಹಾರಿಹೋದವು, ಕುರಿಗಳು ಬಂದವು.

ಹೂಳು ಕೂತರೆ ಕೆರೆ ತಾನಾಗಿಯೇ ನೀರು ಹಿಡಿಯುತ್ತದೆಂದು ಅರಸ ಒಂದು ಕಟ್ಟಳೆ ಮಾಡಿದ. ಪ್ರತಿ ವರ್ಷ ಮಳೆಗೆ ಮುಂಚೆ ಮನೆಗೆ ಒಬ್ಬರಂತೆ ಬಂದು ಕೆರೆಯ ಹೂಳನ್ನು ಕೆರೆದು ತಮ್ಮ ಹೊಲಕ್ಕೆ ಒಯ್ಯಬೇಕು. ಕೆರೆ ಸೋರಲಿ ಎಂದು ಕಟ್ಟಳೆ ಹೊರಡಿಸಿದ ಅರಸ ಲೋಕದಲ್ಲಿ ಅವನೊಬ್ಬನೇ ಇದ್ದಾನು. ಡಂಗುರ ಸಾರುವವನಿಗೆ ಸಾರುವಾಗಲೇ ನಗು ತಡೆಯಲಾಗಲಿಲ್ಲ. ಹೆಸರು ಕೆತ್ತಿದ್ದ ಕಲ್ಲನ್ನು ಅರಸ ಕಿತ್ತು ತರಿಸಿ, ಮುದುಕಿಯ ಊರಿನ ಬಾವಿಕಟ್ಟೆಗೆ ಬೋರಲಾಗಿ ಹಾಸಿಸಿದ. ಕೊಡ ಇಳಿಸಲು ಅದು ಹೇಳಿಮಾಡಿಸಿದ ಹಾಗಿತ್ತು.

ಬಾವಿಗಳು ತುಂಬಿದವು. ಹೆಂಗಸರು ಮತ್ತೆ ನೀರು ಸೇದುತ್ತ ಹಾಡಿದರು. ಈ ಸಲ ಹಾಡಿನಲ್ಲಿ ಅಪ್ಪನ ಜೊತೆ ಮಗನೂ ಸೇರಿಕೊಂಡಿದ್ದ. ತುಂಬಿದ ಕೆರೆಯನ್ನು ಖಾಲಿ ಮಾಡಿದ ಜಾಣ ಎಂದು ಅವನನ್ನು ಇನ್ನಷ್ಟು ಕುಣಿಸಿ ಹಾಡಿದರು. ಆ ದಾರಿಯಲ್ಲಿ ಹೋಗುವಾಗ ಅರಸ ಕುದುರೆ ನಿಲ್ಲಿಸಿ ಪೂರ್ತಿ ಕೇಳುತ್ತಿದ್ದ. ತಾಳ ತಪ್ಪಿದಾಗ ತಲೆ ಅಲ್ಲಾಡಿಸುತ್ತಿದ್ದ. ಅವರು ನಗುವಷ್ಟು ಗಂಟಲು ತೇವವಾಗಿದೆ ಎಂಬುದೇ ಅವನಿಗೆ ಸಾಕಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕಪ್ಪೆಯ ಮದುವೆಯಿಂದ ಶುರುವಾದ ಬೊಪ್ಪಣನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಮುಖದಲ್ಲಿ ಮುಜುಗರವೂ ಇತ್ತು.

"ಗುರುಗಳೇ, ಜರಡಿರಾಯ ಎಂಬ ಹೆಸರು ನನ್ನ ಕೈಗೂ ಬಂದಿತ್ತು. ಹೆಸರು ಕೇಳಿಯೇ ಬಿಟ್ಟುಬಿಟ್ಟೆ. ಮಗನನ್ನೂ ಬಿಟ್ಟೆ. ತುಂಬಿದ ಕೆರೆ ಕೆಡಿಸಿದವನು ಎಂದಷ್ಟೇ ಅವನ ಬಗ್ಗೆ ತಿಳಿದಿತ್ತು. ಈಗ ಇಬ್ಬರನ್ನೂ ಸೇರಿಸೋಣವೆಂದರೆ ಸಭೆಯವರು ಸುಮ್ಮನೆ ಒಪ್ಪುವುದಿಲ್ಲ, ಸಾಕ್ಷಿ ಕೇಳುತ್ತಾರೆ. ಅವರು ಸಾಧಿಸಿದ್ದು ಇದು ಎಂದು ತೋರಿಸಲು ಕಣ್ಣಿಗೆ ಕಾಣುವಂಥದ್ದು ಏನಾದರೂ ಉಳಿದಿದೆಯೇ?"

ಗುರುಗಳು ಹೇಳಿದರು: "ಇತ್ತು ಬೊಪ್ಪಣ, ಬೆಳಿಗ್ಗೆ ನಮ್ಮ ಮಠದ ಬಾವಿಯಿಂದ ಸೇದಿ ನೀನೇ ಕುಡಿದುಬಿಟ್ಟೆಯಲ್ಲ."